ಮೊದಲು ಬಿಸಿ, ಆಮೇಲೆ ಹಾಲು: ಪರ್ಷಿಯನ್ ಬೆಕ್ಕಿಗೆ ಮರಿ ಮಾಡಿಸುವುದು, ಬಡಕಲು ಮರಿಯನ್ನು ಉಳಿಸಿಕೊಳ್ಳುವುದು

ನಮ್ಮ ಮಲ್ಲಿ ಮೊದಲ ಸಲ ಮರಿ ಹಾಕಿದಾಗ ನಾಲ್ಕರಲ್ಲಿ ಒಂದು ತಣ್ಣಗಿತ್ತು. ಕೈಗೆ ತಗೊಂಡರೆ ಒದ್ದೆ ಬಟ್ಟೆ ಮುಟ್ಟಿದ ಹಾಗೆ. "ಹಸಿದಿದೆ ಕಣೇ ಅದು, ಒಂದು ತೊಟ್ಟು ಹಾಲು ಹಾಕು" ಅಂದರು ಅಮ್ಮ. ನನಗೂ ಹಾಗೇ ಅನ್ನಿಸಿತು. ಹಾಕಿದೆ. ಎರಡು ಗಂಟೆಯಲ್ಲಿ ಹೊಟ್ಟೆ ಉಬ್ಬಿತು, ಮೂಗಿನಲ್ಲಿ ಹಾಲಿನ ಗುಳ್ಳೆ ಬಂತು. ಬೆಳಗಾಗುವಷ್ಟರಲ್ಲಿ ಮರಿ ಹೋಗಿತ್ತು. ಮರುದಿನ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಕೊಡೋ ಮುಂಚೆ ಮೈ ಬಿಸಿ ಮಾಡಿದ್ರಾ?"

ಎರಡು ವರ್ಷದ ನಂತರ ಅದೇ ಮಲ್ಲಿಗೆ 62 ಗ್ರಾಂ ತೂಕದ ಮರಿ ಹುಟ್ಟಿತು. ಸಾಸಿವೆ ಅಂತ ಹೆಸರಿಟ್ಟೆವು. ಅದು ಉಳಿಯಿತು. ಈ ಎರಡು ಮರಿಗಳ ನಡುವೆ ನಾನು ಕಲಿತದ್ದೇ ಈ ಬರಹ. ನಾನು ಡಾಕ್ಟರಲ್ಲ. ಇಲ್ಲಿ "ಆಸ್ಪತ್ರೆಗೆ ಹೋಗಿ" ಅಂತ ಬರೆದ ಕಡೆಯಲ್ಲೆಲ್ಲ ಹೋಗಿಬಿಡಿ.

ಜೋಡಿ ಹುಡುಕುವ ಮೊದಲು ಲ್ಯಾಬಿಗೆ

ಪೆಡಿಗ್ರಿ ಅಂದರೆ ಉದ್ದ ಕೂದಲಲ್ಲ, ಕಾಗದ. ಸಿ.ಎಫ್.ಎ., ಟಿಕಾ, ಡಬ್ಲ್ಯು.ಸಿ.ಎಫ್. ಥರದ ನೋಂದಣಿ ಸಂಸ್ಥೆ ಕೊಟ್ಟ ಪತ್ರದಲ್ಲಿ ಅಪ್ಪ, ಅಮ್ಮ, ಅಜ್ಜ, ಮುತ್ತಜ್ಜರ ಹೆಸರು ಸಾಲಾಗಿ ಇರುತ್ತದೆ. "ಪ್ಯೂರ್ ಪರ್ಷಿಯನ್, ಪೇಪರ್ ಇಲ್ಲ" ಅಂತ ಯಾರಾದರೂ ಅಂದರೆ ಚೆಂದದ ಬೆಕ್ಕು ಇರಬಹುದು, ಸಾಕಿ. ಅದಕ್ಕೆ ಪೆಡಿಗ್ರಿ ಇದೆ ಅಂತ ಮಾತ್ರ ಹೇಳಬೇಡಿ. ಕಾಗದ ಸಿಕ್ಕಿದರೆ ಎರಡೂ ಕಡೆಯ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಓದಿ. ಒಂದೇ ಹೆಸರು ಎರಡು ಮೂರು ಕಡೆ ಬಂದರೆ ಅದು ಒಳಸಂಬಂಧ, ಆ ಜೋಡಿ ಬೇಡ.

ಈಗ ಆರೋಗ್ಯದ ವಿಚಾರ. ಪರ್ಷಿಯನ್ ಬೆಕ್ಕಿನ ದೊಡ್ಡ ಶತ್ರು ಪಿ.ಕೆ.ಡಿ. ಮೂತ್ರಪಿಂಡದಲ್ಲಿ ನೀರಿನ ಗುಳ್ಳೆಗಳು ಹುಟ್ಟಿನಿಂದಲೇ ಇದ್ದು, ವಯಸ್ಸಾದಂತೆ ದೊಡ್ಡದಾಗುತ್ತಾ ಹೋಗುತ್ತವೆ. ಬೆಕ್ಕು ಐದಾರು ವರ್ಷ ಚೆನ್ನಾಗಿಯೇ ಕಾಣುತ್ತದೆ. ಅಷ್ಟರಲ್ಲಿ ಮೂರು ನಾಲ್ಕು ಸಲ ಮರಿ ಹಾಕಿರುತ್ತದೆ. ಕಾಯಿಲೆ ಉಳಿದುಕೊಂಡು ಬಂದದ್ದೇ ಹೀಗೆ. ಪರೀಕ್ಷೆ ರೂಢಿಗೆ ಬರುವ ಮೊದಲು ಹಲವು ದೇಶಗಳಲ್ಲಿ ನೋಡಿದಾಗ ಮೂರು ಪರ್ಷಿಯನ್‌ಗಳಲ್ಲಿ ಒಂದಕ್ಕಿಂತ ಜಾಸ್ತಿಗೆ ಇದು ಇತ್ತು. ತಂದೆ ತಾಯಿಯರಲ್ಲಿ ಒಬ್ಬರಿಗೆ ಇದ್ದರೂ ಸಾಕು, ಸರಾಸರಿ ಅರ್ಧ ಮರಿಗಳಿಗೆ ಬರುತ್ತದೆ. 2004ರಲ್ಲಿ ಇದರ ಜೀನ್ ದೋಷ ಗೊತ್ತಾಯಿತು. ಈಗ ಕೆನ್ನೆಯ ಒಳಗೆ ಹತ್ತಿಕಡ್ಡಿ ಉಜ್ಜಿ ಕಳಿಸಿದರೆ ಡಿ.ಎನ್.ಎ. ಪರೀಕ್ಷೆ ಆಗುತ್ತದೆ. ಸ್ಕ್ಯಾನಿಂಗ್ ಮಾಡಿಸುವುದಾದರೆ ಬೆಕ್ಕಿಗೆ ಹತ್ತು ತಿಂಗಳು ದಾಟಿರಲಿ, ಚಿಕ್ಕ ವಯಸ್ಸಿನಲ್ಲಿ ಗುಳ್ಳೆ ಕಾಣದೆ ಹೋಗಬಹುದು. ಗಂಡು ಬೆಕ್ಕಿನವರು "ನಮ್ಮದಕ್ಕೆ ಏನೂ ಇಲ್ಲ" ಅಂದರೆ ರಿಪೋರ್ಟ್ ಕೇಳಿ. ಸಂಕೋಚ ಬೇಡ. ಮದುವೆಗೆ ಜಾತಕ ಕೇಳಲ್ವಾ?

ಎರಡನೆಯದು ರಕ್ತದ ಗುಂಪು. ಇದನ್ನು ನಮ್ಮಲ್ಲಿ ತುಂಬಾ ಜನ ಮರೆಯುತ್ತಾರೆ. ಬೆಕ್ಕುಗಳಲ್ಲಿ ಮುಖ್ಯವಾಗಿ ಎ ಮತ್ತು ಬಿ ಗುಂಪು. ಬಿ ಗುಂಪಿನ ತಾಯಿಗೆ ಎ ಗುಂಪಿನ ಮರಿ ಹುಟ್ಟಿದರೆ, ತಾಯಿಯ ಗಿಣ್ಣು ಹಾಲೇ ಮರಿಗೆ ವಿಷ. ಆ ಹಾಲಿನಲ್ಲಿರುವ ಪ್ರತಿಕಾಯಗಳು ಮರಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಹುಟ್ಟಿದಾಗ ಗಟ್ಟಿಮುಟ್ಟಾಗಿದ್ದ ಮರಿ ಒಂದೆರಡು ದಿನದಲ್ಲಿ ಸೊರಗುತ್ತದೆ, ಮೂತ್ರ ಕೆಂಪು ಅಥವಾ ಕಂದು ಬಣ್ಣ ಆಗುತ್ತದೆ. ತಾಯಿ ಬಿ ಅಂತ ಗೊತ್ತಿದ್ದರೆ ಬಿ ಗುಂಪಿನ ಗಂಡನ್ನೇ ಹುಡುಕಿ. ಆಗದಿದ್ದರೆ ಹುಟ್ಟಿದ ಮೊದಲ 24 ಗಂಟೆ ಮರಿಗಳನ್ನು ತಾಯಿಯ ಮೊಲೆಗೆ ಬಿಡದೆ ಬೇರೆ ಹಾಲು ಕೊಡಬೇಕು. ಆಮೇಲೆ ಬಿಡಬಹುದು, ಅಷ್ಟೊತ್ತಿಗೆ ಮರಿಯ ಕರುಳು ಆ ಪ್ರತಿಕಾಯಗಳನ್ನು ಹೀರುವುದನ್ನು ನಿಲ್ಲಿಸಿರುತ್ತದೆ.

ಉಳಿದವು ಬೇಗ ಹೇಳುತ್ತೇನೆ. ಎಫ್.ಐ.ವಿ. (ರೋಗ ತಡೆಯುವ ಶಕ್ತಿಯನ್ನು ಕುಂದಿಸುವ ವೈರಸ್), ಎಫ್.ಇ.ಎಲ್.ವಿ. (ಬೆಕ್ಕಿನ ರಕ್ತದ ಕ್ಯಾನ್ಸರಿನ ವೈರಸ್) ಪರೀಕ್ಷೆ ಎರಡೂ ಬೆಕ್ಕಿಗೆ. ಲಸಿಕೆ, ಜಂತುಹುಳದ ಔಷಧ ಬೆದೆಗೆ ಬರುವ ಮೊದಲೇ ಮುಗಿದಿರಲಿ, ಗಬ್ಬದಲ್ಲಿ ಜೀವಂತ ವೈರಸ್ಸಿನ ಲಸಿಕೆ ಕೊಡಿಸಬಾರದು. ಎರಡೂ ಬಿಳಿ ಬೆಕ್ಕಾದರೆ ಜೋಡಿ ಮಾಡಿಸಬೇಡಿ, ಕಿವುಡು ಮರಿ ಹುಟ್ಟುವ ಸಾಧ್ಯತೆ ಜಾಸ್ತಿ.

ಮುಖದ ಬಗ್ಗೆ ನನ್ನದೊಂದು ಜಗಳವಿದೆ. ಡಾಲ್ ಫೇಸ್, ಸೆಮಿ ಪಂಚ್, ಎಕ್ಸ್‌ಟ್ರೀಮ್ ಪಂಚ್ ಅಂತ ಮುಖ ಚಪ್ಪಟೆಯಾದಷ್ಟೂ ಬೆಲೆ ಏರುತ್ತದೆ. 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಪ್ರದರ್ಶನಕ್ಕೆ ಬಂದಿದ್ದ ಪರ್ಷಿಯನ್‌ಗಳಿಗೆ ಸರಿಯಾದ ಮೂಗು ಇತ್ತು. ಈಗಿನ ತೀರಾ ಚಪ್ಪಟೆ ಮುಖಕ್ಕೆ ಉಸಿರಾಟದ ಕಷ್ಟ, ಸದಾ ಸುರಿಯುವ ಕಣ್ಣು, ಸಾಲು ತಪ್ಪಿದ ಹಲ್ಲು. ಹೆರಿಗೆಯಲ್ಲಂತೂ ದುಂಡು ತಲೆ ಸಿಕ್ಕಿಹಾಕಿಕೊಳ್ಳುತ್ತದೆ. ಮೂಗಿನ ಹೊಳ್ಳೆ ಅಗಲವಾಗಿ ತೆರೆದಿರುವ, ಬಾಯಿ ಮುಚ್ಚಿ ಸದ್ದಿಲ್ಲದೆ ಉಸಿರಾಡುವ ಗಂಡನ್ನು ಆರಿಸಿ. ಬೆಲೆ ಕಡಿಮೆ ಆದರೆ ಆಗಲಿ.

ಬೆದೆಯಿಂದ ಗಬ್ಬದವರೆಗೆ

ಪರ್ಷಿಯನ್ ನಿಧಾನವಾಗಿ ಬೆಳೆಯುವ ತಳಿ. ಮೊದಲ ಬೆದೆ ಒಂದು ವರ್ಷದೊಳಗೇ ಬಂದರೂ ಹೆಣ್ಣಿಗೆ ಒಂದೂವರೆ ವರ್ಷ ತುಂಬಲಿ. ಬೆದೆಗೆ ಬಂದದ್ದು ಕೇಳಬೇಕಾಗಿಲ್ಲ, ಇಡೀ ಬೀದಿಗೇ ಗೊತ್ತಾಗುತ್ತದೆ. ನೆಲದಲ್ಲಿ ಹೊರಳುವುದು, ಹಿಂಭಾಗ ಎತ್ತಿ ಬಾಲ ಪಕ್ಕಕ್ಕೆ ಸರಿಸುವುದು, ರಾತ್ರಿಯಿಡೀ ಕೂಗುವುದು.

ರೂಢಿಯಂತೆ ಹೆಣ್ಣನ್ನು ಗಂಡಿನ ಮನೆಗೆ ಒಯ್ಯುತ್ತಾರೆ. ಗಂಡು ಹೊಸ ಜಾಗದಲ್ಲಿ ಹೆದರಿಕೊಂಡು ಮಂಚದ ಕೆಳಗೆ ಸೇರಿದರೆ ಕೆಲಸ ಕೆಡುತ್ತದೆ. ಬೆಕ್ಕಿಗೆ ಕೂಡಿದ ಮೇಲೆಯೇ ಅಂಡ ಬಿಡುಗಡೆ ಆಗುವುದು. ಹಾಗಾಗಿ ಒಂದೇ ಸಲ ಸಾಲದು, ಎರಡು ಮೂರು ದಿನ ಒಟ್ಟಿಗೆ ಬಿಡಿ. ಮೊದಲ ದಿನ, ಕೊನೆಯ ದಿನ ಎರಡನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮನೆಗೆ ಬಂದ ಮೇಲೂ ಕಿಟಕಿ ಭದ್ರ ಇರಲಿ. ಬೀದಿಯ ಗಂಡು ಬೆಕ್ಕು ಒಳಗೆ ಬಂದರೆ ಒಂದೇ ಹೆರಿಗೆಯಲ್ಲಿ ಇಬ್ಬರು ಅಪ್ಪಂದಿರ ಮರಿ ಹುಟ್ಟಬಹುದು.

ಗಬ್ಬದ ಅವಧಿ 63ರಿಂದ 67 ದಿನ. ಮೂರನೇ ವಾರದಲ್ಲಿ ಮೊಲೆತೊಟ್ಟು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಾಲ್ಕನೇ ವಾರದಲ್ಲಿ ಸ್ಕ್ಯಾನ್ ಮಾಡಿಸಿದರೆ ಮರಿಗಳ ಎದೆಬಡಿತ ಕಾಣುತ್ತದೆ. 50 ದಿನ ದಾಟಿದ ಮೇಲೆ ಒಂದು ಎಕ್ಸ್‌ರೇ ತೆಗೆಸಿ, ತಲೆ ಎಣಿಸಬಹುದು. ಇದು ದುಂದುವೆಚ್ಚ ಅಲ್ಲ. ನಾಲ್ಕು ಮರಿ ಇವೆ ಅಂತ ಗೊತ್ತಿದ್ದರೆ ಮೂರಕ್ಕೆ ನಿಂತಾಗ "ಮುಗಿಯಿತು" ಅಂತ ಮಲಗಲು ಹೋಗುವುದಿಲ್ಲ. ಊಟಕ್ಕೆ ಮರಿಗಳಿಗೆ ಹಾಕುವ ಕಿಟನ್ ಫುಡ್ಡನ್ನೇ ತಾಯಿಗೂ ಹಾಕಿ. ಕ್ಯಾಲ್ಸಿಯಂ ಮಾತ್ರೆಯನ್ನು ನೀವೇ ನಿರ್ಧರಿಸಿ ಕೊಡಬೇಡಿ.

ಬಾಣಂತಿ ಕೋಣೆ

ಹೆರಿಗೆಗೆ ಹತ್ತು ದಿನ ಇರುವಾಗಲೇ ಪೆಟ್ಟಿಗೆ ಇಡಿ. ತಾಯಿ ಕಾಲು ಚಾಚಿ ಮಲಗುವಷ್ಟು ದೊಡ್ಡ ರಟ್ಟಿನ ಪೆಟ್ಟಿಗೆ, ಒಳಗೆ ತೊಳೆದ ಹಳೆ ಹತ್ತಿ ಸೀರೆಯ ಮಡಿಕೆ. ಉಗುರು ಸಿಕ್ಕುವ ಟರ್ಕಿ ಟವೆಲ್ ಬೇಡ. ಬೆಕ್ಕು ಮರಿಗಳನ್ನು ಏಳು ಮನೆ ತಿರುಗಿಸುತ್ತದೆ ಅಂತಾರಲ್ಲ, ಅದು ಸುಮ್ನೆ ಹುಟ್ಟಿದ ಮಾತಲ್ಲ. ಜನ ಬಂದು ಬಂದು ಇಣುಕಿದರೆ, ಬೆಳಕು ಜಾಸ್ತಿಯಾದರೆ ತಾಯಿ ಜಾಗ ಬದಲಿಸುತ್ತಾಳೆ. ಒಳಗಿನ ಕೋಣೆ, ಅರೆಗತ್ತಲು, ಮನೆಯ ಒಬ್ಬರೇ ಓಡಾಟ.

ಆ ಕೋಣೆಗೆ ಫಿನಾಯಿಲ್ ಹಾಕಬೇಡಿ. ನಮ್ಮ ಮನೆಗಳಲ್ಲಿ ನೆಲ ಒರೆಸುವುದೇ ಅದರಲ್ಲಿ. ಆದರೆ ಬೆಕ್ಕಿನ ಯಕೃತ್ತು ಅದನ್ನು ಅರಗಿಸುವುದಿಲ್ಲ, ಪಾದದಿಂದ ನೆಕ್ಕಿಕೊಂಡರೂ ವಿಷ. ಸೋಪಿನ ನೀರು ಸಾಕು. ಇನ್ನೊಂದು ಕಾಟ ಇರುವೆ. ಹಾಲು, ರಕ್ತದ ವಾಸನೆಗೆ ಸಾಲುಗಟ್ಟಿ ಬರುತ್ತವೆ. ಪೆಟ್ಟಿಗೆಯನ್ನು ಚಿಕ್ಕ ಸ್ಟೂಲಿನ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಿನಲ್ಲಿ ನಿಲ್ಲಿಸಿ. ಅಜ್ಜಿ ಹಾಲಿನ ಪಾತ್ರೆಗೆ ಮಾಡುತ್ತಿದ್ದ ಉಪಾಯವೇ. ಮರಿಗಳು ಹತ್ತಿ ಇಳಿಯುವ ವಯಸ್ಸಿಗೆ ಬಂದಾಗ ಕೆಳಗಿಳಿಸಿದರಾಯಿತು.

ಪರ್ಷಿಯನ್‌ಗೇ ಸೀಮಿತವಾದ ಒಂದು ಕೆಲಸ: ಹೊಟ್ಟೆ, ತೊಡೆ, ಬಾಲದ ಬುಡದ ಕೂದಲನ್ನು ಹೆರಿಗೆಗೆ ವಾರ ಮೊದಲು ಕತ್ತರಿಸಿ. ತೊಟ್ಟು ಮರಿಯ ಬಾಯಿಗೆ ಸಿಗಲಿ ಅಂತ ಒಂದು ಕಾರಣ. ಉದ್ದ ಕೂದಲು ಮರಿಯ ಕತ್ತಿಗೋ ಕಾಲಿಗೋ ಸುತ್ತಿ ಬಿಗಿಯುತ್ತದೆ ಅನ್ನುವುದು ಇನ್ನೊಂದು, ದೊಡ್ಡ ಕಾರಣ.

ಕೈಗೆಟುಕುವಂತೆ ಇಟ್ಟುಕೊಳ್ಳಿ: ಒಂದು ಗ್ರಾಂ ತೋರಿಸುವ ಅಡುಗೆಮನೆ ತೂಕದ ಯಂತ್ರ, ಡಿಜಿಟಲ್ ಥರ್ಮಾಮೀಟರ್, ಮೆತ್ತನೆ ಬಟ್ಟೆಗಳ ಗುಡ್ಡೆ, ಮಗುವಿನ ಮೂಗು ಎಳೆಯುವ ರಬ್ಬರ್ ಬಲ್ಬು, ದಾರ, ಕತ್ತರಿ, ಬೆಟಾಡಿನ್, ಬಿಸಿನೀರಿನ ಚೀಲ, 1 ಮಿ.ಲೀ. ಸಿರಿಂಜು, ಬೆಕ್ಕಿನ ಮರಿಗೆಂದೇ ಮಾಡಿದ ಹಾಲಿನ ಪುಡಿ. ಪುಡಿಯನ್ನು ಮೊದಲೇ ತಂದಿಡಿ. ಸಣ್ಣ ಊರುಗಳಲ್ಲಿ ಸಿಗುವುದಿಲ್ಲ, ರಾತ್ರಿ ಎರಡು ಗಂಟೆಗೆ ಎಲ್ಲೂ ಸಿಗುವುದಿಲ್ಲ. ರಾತ್ರಿ ಫೋನ್ ಎತ್ತುವ, ಸಿಸೇರಿಯನ್ ಮಾಡಬಲ್ಲ ಡಾಕ್ಟರನ್ನೂ ಮೊದಲೇ ಗೊತ್ತು ಮಾಡಿಕೊಳ್ಳಿ.

ಹೆರಿಗೆಯ ರಾತ್ರಿ

60ನೇ ದಿನದಿಂದ ಬೆಳಿಗ್ಗೆ ಸಂಜೆ ತಾಯಿಯ ಜ್ವರ ನೋಡಿ. ಸಾಮಾನ್ಯವಾಗಿ 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುವುದು 99ಕ್ಕೋ ಅದಕ್ಕಿಂತ ಕೆಳಗೋ ಇಳಿದರೆ ಒಂದು ದಿನದೊಳಗೆ ಹೆರಿಗೆ ಅಂತ ಲೆಕ್ಕ. ಎಲ್ಲ ಬೆಕ್ಕಿಗೂ ಹೀಗೆ ಇಳಿಯುವುದಿಲ್ಲ, ನಿಮ್ಮ ಕಣ್ಣನ್ನೂ ನಂಬಿ. ಊಟ ಬಿಡುವುದು, ಪೆಟ್ಟಿಗೆ ಕೆರೆಯುವುದು, ನಿಮ್ಮ ಹಿಂದೆಯೇ ಸುತ್ತುವುದು.

ಕಾಯುವುದು ಎಷ್ಟು ಹೊತ್ತು? ಜೋರಾಗಿ ತಿಣುಕುತ್ತಾ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಮರಿ ಅರ್ಧ ಬಂದು ನಿಂತರೆ, ಮೊದಲ ಮರಿಗೂ ಮೊದಲೇ ಹಸಿರು ಅಥವಾ ಕಪ್ಪು ದ್ರವ ಬಂದರೆ, ಒಳಗೆ ಮರಿ ಇದ್ದೂ ಎರಡು ಗಂಟೆ ಸುಮ್ಮನಾದರೆ ಆಸ್ಪತ್ರೆಗೆ. ಪರ್ಷಿಯನ್‌ಗೆ ಸಿಸೇರಿಯನ್ ಅಪರೂಪವಲ್ಲ. ಮಲ್ಲಿಗೆ ಎರಡನೇ ಸಲ ಆದದ್ದೂ ಅದೇ.

ಊರಿನ ಬೆಕ್ಕು ಎಲ್ಲವನ್ನೂ ತಾನೇ ನಿಭಾಯಿಸುತ್ತದೆ. ಚಪ್ಪಟೆ ಮುಖದ ತಾಯಿಗೆ ಪೊರೆ ಹರಿಯಲು, ಹೊಕ್ಕುಳಬಳ್ಳಿ ಕಚ್ಚಲು ಹಲ್ಲು ಸರಿಯಾಗಿ ಕೂಡುವುದಿಲ್ಲ. ಒಂದು ನಿಮಿಷದೊಳಗೆ ಅವಳು ಪೊರೆ ಹರಿಯದಿದ್ದರೆ ನೀವು ಹರಿಯಿರಿ, ಮೊದಲು ಮುಖದ ಕಡೆಯಿಂದ. ಮರಿಯ ತಲೆ ಸ್ವಲ್ಪ ಕೆಳಗಿಟ್ಟು ಬಾಯಿ ಮೂಗು ಬಲ್ಬಿನಿಂದ ಎಳೆಯಿರಿ. ಬೆನ್ನು, ಪಕ್ಕೆಯನ್ನು ಒಣ ಬಟ್ಟೆಯಲ್ಲಿ ಚುರುಕಾಗಿ ಉಜ್ಜಿ. ಹಳಬರು ಮರಿಯನ್ನು ಹಿಡಿದು ತೂಗಿ ಬೀಸುತ್ತಿದ್ದರು. ಅದು ಬೇಡ, ಮೆದುಳಿಗೆ ಪೆಟ್ಟು ಬೀಳುತ್ತದೆ. ಉಜ್ಜುವುದನ್ನು ಬೇಗ ಕೈಬಿಡಬೇಡಿ, ಹತ್ತು ಹದಿನೈದು ನಿಮಿಷದ ನಂತರ ಉಸಿರು ಹಿಡಿದ ಮರಿಗಳಿವೆ. ಬಳ್ಳಿಯನ್ನು ಹೊಟ್ಟೆಯಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ದಾರದಿಂದ ಕಟ್ಟಿ, ಆಚೆ ಕತ್ತರಿಸಿ, ತುದಿಗೆ ಬೆಟಾಡಿನ್ ಹಚ್ಚಿ. ಎಳೆಯಬೇಡಿ. ಪ್ರತಿ ಮರಿಗೆ ಒಂದು ಮಾಸು ಬಂತಾ ಅಂತ ಎಣಿಸಿ.

ಆಮೇಲೆ ಬಾಯಿ ತೆರೆದು ಅಂಗುಳ ನೋಡಿ. ಸೀಳು ಇದ್ದರೆ ಕುಡಿದ ಹಾಲು ಮೂಗಿಗೆ ಹೋಗುತ್ತದೆ. ಚಪ್ಪಟೆ ಮುಖದ ತಳಿಯಲ್ಲಿ ಇದನ್ನು ನೋಡಲೇಬೇಕು. ಕೊನೆಗೆ ತೂಕ. 90ರಿಂದ 110 ಗ್ರಾಂ ಒಳ್ಳೆಯ ತೂಕ. 75ಕ್ಕಿಂತ ಕೆಳಗಿದ್ದರೆ ಇನ್ನು ಎರಡು ವಾರ ನಿಮಗೆ ನಿದ್ದೆಯಿಲ್ಲ.

ಬಡಕಲು ಮರಿ: ಮೊದಲು ಬಿಸಿ

ಹುಟ್ಟಿದ ಮರಿಗೆ ನಡುಗಲು ಬರುವುದಿಲ್ಲ. ಒಂದು ವಾರದವರೆಗೆ ತನ್ನ ಬಿಸಿಯನ್ನು ತಾನೇ ಮಾಡಿಕೊಳ್ಳಲಾರದು. ಮೈ ತಣ್ಣಗಾದರೆ ಕರುಳು ಕೆಲಸ ನಿಲ್ಲಿಸುತ್ತದೆ. ಆಗ ಹಾಕಿದ ಹಾಲು ಹೊಟ್ಟೆಯಲ್ಲೇ ನಿಂತು ಹುಳಿಯುತ್ತದೆ, ಉಬ್ಬುತ್ತದೆ, ವಾಪಸ್ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ನನ್ನ ಮೊದಲ ಮರಿಗೆ ಆದದ್ದು ಇದೇ.

ಬಾಯೊಳಗೆ ಕಿರುಬೆರಳ ತುದಿ ಇಡಿ. ತಣ್ಣಗಿದ್ದರೆ, ಚೀಪದಿದ್ದರೆ ಹಾಲಿನ ಯೋಚನೆ ಬಿಡಿ. ಥರ್ಮಾಮೀಟರಿನ ತುದಿಗೆ ವ್ಯಾಸಲಿನ್ ಹಚ್ಚಿ ಗುದದಲ್ಲಿ ಅರ್ಧ ಸೆಂಟಿಮೀಟರ್ ಮಾತ್ರ ಇಟ್ಟು ನೋಡಿ. ಮೊದಲ ವಾರ 96ರಿಂದ 98 ಡಿಗ್ರಿ ಫ್ಯಾರನ್‌ಹೀಟ್ ಸರಿ. 95ಕ್ಕಿಂತ ಕೆಳಗಿದ್ದರೆ ಒಂದು ಹನಿಯೂ ಹಾಲಿಲ್ಲ. ಯಂತ್ರ ಬರೀ "ಲೋ" ಅಂತ ತೋರಿಸಿದರೆ ಬಿಸಿ ಮಾಡುತ್ತಲೇ ಡಾಕ್ಟರಿಗೆ ಫೋನ್ ಮಾಡಿ.

ಬಿಸಿ ಮಾಡುವುದೂ ನಿಧಾನವಾಗಿ, ಒಂದರಿಂದ ಎರಡು ಗಂಟೆ ಹಿಡಿಯಲಿ. ಸಾಸಿವೆಯನ್ನು ನಾನು ಮೊದಲು ರವಿಕೆಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡೆ. ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ. ಐದೈದು ನಿಮಿಷಕ್ಕೆ ಮಗ್ಗುಲು ಬದಲಿಸುತ್ತಿದ್ದೆ. ಆಮೇಲೆ ಎರಡು ಸುತ್ತು ಬಟ್ಟೆ ಸುತ್ತಿದ ಬಿಸಿನೀರಿನ ಚೀಲ. ಕರೆಂಟ್ ಹೋಗುವ ಊರಿನವರು ವಿದ್ಯುತ್ ಪ್ಯಾಡನ್ನೊಂದೇ ನಂಬಬೇಡಿ. ದಪ್ಪ ಹತ್ತಿಯ ಕಾಲುಚೀಲಕ್ಕೆ ಬಾಣಲೆಯಲ್ಲಿ ಬೆಚ್ಚಗೆ ಮಾಡಿದ ಅಕ್ಕಿ ತುಂಬಿ ಗಂಟು ಹಾಕಿದರೆ ಒಂದು ಗಂಟೆ ಸಾಗುತ್ತದೆ. ನಿಮ್ಮ ಮುಂಗೈ ಒಳಭಾಗಕ್ಕೆ ಇಟ್ಟುಕೊಂಡು ನೋಡಿ, ಸುಡಬಾರದು. ಪೆಟ್ಟಿಗೆಯ ಮೇಲೆ ಬಲ್ಬು ತೂಗುಹಾಕುವವರಿಗೆ ಒಂದು ಮಾತು: ಎಲ್.ಇ.ಡಿ. ಬಲ್ಬಿನಿಂದ ಬಿಸಿ ಬರುವುದಿಲ್ಲ. ಹಳೆಯ ತಂತಿಯ ಬಲ್ಬೇ ಬೇಕು.

ಮೊದಲ ವಾರ ಮರಿಯ ಜಾಗ 30ರಿಂದ 32 ಡಿಗ್ರಿ ಸೆಲ್ಸಿಯಸ್ ಇರಲಿ, ಎರಡನೇ ವಾರ 27ರಿಂದ 29. ಬಿಸಿ ಒಂದೇ ಪಕ್ಕದಲ್ಲಿರಲಿ, ಇನ್ನೊಂದು ಪಕ್ಕ ತಣ್ಣಗೆ. ಕರಾವಳಿಯ ಮೇ ತಿಂಗಳಲ್ಲಿ ಏನೂ ಬೇಡವಾಗಬಹುದು, ಮಡಿಕೇರಿಯ ಮಳೆಯಲ್ಲಿ ಎರಡು ಚೀಲವೂ ಸಾಲದು. ಮರಿಯೇ ಹೇಳುತ್ತದೆ. ಮುದುಡಿಕೊಂಡು ಕೂಗಿದರೆ ಚಳಿ, ಕೈಕಾಲು ಚಾಚಿ ಬಾಯಿ ತೆರೆದರೆ ಸೆಕೆ.

ಆಮೇಲೆ ಹಾಲು

ಮೈ ಬಿಸಿಯಾದ ಮೇಲೂ ಮರಿ ಸೋತಂತಿದ್ದರೆ ಬೆಚ್ಚಗಿನ ಗ್ಲೂಕೋಸ್ ನೀರನ್ನು ಒಂದೆರಡು ಹನಿ ಒಸಡಿಗೆ ಸವರಿ. ಇಷ್ಟು ಚಿಕ್ಕ ಮರಿಯ ರಕ್ತದಲ್ಲಿ ಸಕ್ಕರೆ ಬೇಗ ಇಳಿಯುತ್ತದೆ.

ಮೊದಲ ಆಯ್ಕೆ ತಾಯಿಯೇ. ರಕ್ತದ ಗುಂಪಿನ ತೊಂದರೆ ಇಲ್ಲದಿದ್ದರೆ ಹುಟ್ಟಿದ ದಿನವೇ ಗಿಣ್ಣು ಹಾಲು ಹೊಟ್ಟೆಗೆ ಹೋಗಬೇಕು. ದಡೂತಿ ಅಣ್ಣತಮ್ಮಂದಿರನ್ನು ಕಾಲು ಗಂಟೆ ಬೇರೆ ಇಟ್ಟು, ಬಡಕಲು ಮರಿಯನ್ನು ಹಾಲು ತುಂಬಿದ ಹಿಂದಿನ ತೊಟ್ಟಿಗೆ ಹಿಡಿಯಿರಿ. ಗಿಣ್ಣು ಸಿಗಲೇ ಇಲ್ಲ ಅಂತಾದರೆ ಡಾಕ್ಟರಿಗೆ ಹೇಳಿ. ಲಸಿಕೆ ಆಗಿರುವ, ಗುಂಪು ಹೊಂದುವ ದೊಡ್ಡ ಬೆಕ್ಕಿನ ರಕ್ತದ ಸೀರಂ ಚರ್ಮದಡಿ ಕೊಡುವ ದಾರಿ ಇದೆ.

ತಾಯಿ ಕುಡಿಸದಿದ್ದರೆ, ಹಾಲು ಸಾಲದಿದ್ದರೆ ಪುಡಿ ಹಾಲು. ನಂದಿನಿ ಪ್ಯಾಕೆಟ್ ಯಾಕಾಗದು? ಬೆಕ್ಕಿನ ಹಾಲಿನಲ್ಲಿ ಪ್ರೋಟೀನು ಹಸುವಿನ ಹಾಲಿನ ಎರಡರಷ್ಟು. ಹಸುವಿನ ಹಾಲಿನ ಲ್ಯಾಕ್ಟೋಸ್ ಮರಿಗೆ ಭೇದಿ ಮಾಡಿಸುತ್ತದೆ. 80 ಗ್ರಾಂ ಮರಿಗೆ ಭೇದಿ ಅಂದರೆ ಒಂದೇ ದಿನದಲ್ಲಿ ನೀರೆಲ್ಲ ಬತ್ತಿತು ಅಂತ. ನೀರು ಸೇರಿಸಿದರೆ ಇನ್ನೂ ಕೆಡುತ್ತದೆ, ಶಕ್ತಿಯೂ ಹೋಗುತ್ತದೆ.

ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಒಂದು ದಿನದ್ದು ಕಲಸಿ ಫ್ರಿಜ್ಜಿನಲ್ಲಿಟ್ಟು, ಬೇಕಾದಷ್ಟನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ಮೈಬಿಸಿಗೆ ತನ್ನಿ. ಮಿಕ್ಕಿದ್ದು ಚೆಲ್ಲಿ.

ಎಷ್ಟು? ದಿನಕ್ಕೆ 100 ಗ್ರಾಂ ತೂಕಕ್ಕೆ ಸುಮಾರು 20 ಮಿ.ಲೀ. ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು 100 ಗ್ರಾಂಗೆ 4 ಮಿ.ಲೀ. ಮಾತ್ರ. ಮೊದಲ ವಾರ ಎರಡು ಗಂಟೆಗೊಮ್ಮೆ, ಎರಡನೇ ವಾರ ಮೂರು ಗಂಟೆಗೊಮ್ಮೆ, ಆಮೇಲೆ ನಾಲ್ಕು. ಹಗಲು ರಾತ್ರಿ ಭೇದವಿಲ್ಲ. ಸಾಸಿವೆಗೆ ಒಂದು ಸಲಕ್ಕೆ ಬರೀ ಒಂದು ಮಿ.ಲೀ. ಅಷ್ಟಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತಿತ್ತು. ರಾತ್ರಿಯ ಪಾಳಿಯನ್ನು ಅಮ್ಮ ಅರ್ಧ ವಹಿಸಿಕೊಂಡರು. "ನಿನ್ನ ಬಾಣಂತನದಲ್ಲೂ ನಾನು ಇಷ್ಟು ಎದ್ದಿಲ್ಲ ಕಣೇ" ಅಂತ ಗೊಣಗುತ್ತಲೇ.

ಹಿಡಿಯುವ ಕ್ರಮ ಬಲು ಮುಖ್ಯ. ಮನುಷ್ಯರ ಮಗುವಿನ ಹಾಗೆ ಅಂಗಾತ ಮಲಗಿಸಬಾರದು. ತಾಯಿಯ ಹತ್ತಿರ ಹೇಗೆ ಕುಡಿಯುತ್ತದೋ ಹಾಗೇ, ಹೊಟ್ಟೆ ಕೆಳಗೆ, ತಲೆ ಚೂರು ಮೇಲೆ. ಸಿರಿಂಜಿನ ತುದಿಗೆ ಸಣ್ಣ ನಿಪ್ಪಲ್ ಹಾಕಿ. ನೀವು ಒತ್ತಿ ತುಂಬಿಸಬೇಡಿ, ಮರಿ ಚೀಪಿದಷ್ಟೇ ಬಿಡಿ. ಮೂಗಿನಿಂದ ಹಾಲು ಬಂದರೆ ತಕ್ಷಣ ನಿಲ್ಲಿಸಿ, ತಲೆ ಬಗ್ಗಿಸಿ, ಒರೆಸಿ. ನಂತರ ಉಸಿರಿನಲ್ಲಿ ಗೊರಗೊರ ಕೇಳಿದರೆ ಆಸ್ಪತ್ರೆಗೆ. ಚೀಪಲು ಶಕ್ತಿಯೇ ಇಲ್ಲದ ಮರಿಗೆ ಸಣ್ಣ ಟ್ಯೂಬಿನಲ್ಲಿ ನೇರ ಹೊಟ್ಟೆಗೆ ಕೊಡುವ ವಿಧಾನವಿದೆ. ಅದನ್ನು ವಿಡಿಯೋ ನೋಡಿ ಕಲಿಯಬೇಡಿ. ಟ್ಯೂಬು ಶ್ವಾಸನಾಳಕ್ಕೆ ಹೋದರೆ ಮುಗಿಯಿತು. ಡಾಕ್ಟರ ಮುಂದೆ ನಿಂತು ಕಲಿಯಿರಿ.

ಕುಡಿಸಿದಷ್ಟೇ ಮುಖ್ಯ ಹೊರಗೆ ಹಾಕಿಸುವುದು. ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ ಮಾಡುವುದಿಲ್ಲ, ತಾಯಿ ನೆಕ್ಕಿಯೇ ಮಾಡಿಸುತ್ತಾಳೆ. ಬೆಚ್ಚಗಿನ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಪ್ರತಿ ಸಲವೂ ಮೆಲ್ಲಗೆ ಸವರಿ. ಉಚ್ಚೆ ನೀರಿನ ಬಣ್ಣದ್ದಾಗಿರಬೇಕು. ಗಾಢ ಹಳದಿ ಅಂದರೆ ನೀರು ಸಾಲದು. ಕಕ್ಕ ಸಾಸಿವೆ ಬಣ್ಣ, ಪೇಸ್ಟಿನ ಹದ. ಹೆಸರು ಬಂದದ್ದು ಗಾತ್ರದಿಂದ, ಇದರಿಂದಲ್ಲ!

ದಿನಕ್ಕೆ ಎರಡು ಸಲ, ಅದೇ ಹೊತ್ತಿಗೆ ತೂಕ ಬರೆದಿಡಿ. ದಿನಕ್ಕೆ 10ರಿಂದ 15 ಗ್ರಾಂ ಏರಬೇಕು, ಎರಡು ವಾರದಲ್ಲಿ ಹುಟ್ಟಿದ ತೂಕದ ಎರಡರಷ್ಟು ಆಗಬೇಕು. ಸಾಸಿವೆ ಮೊದಲ ಮೂರು ದಿನ ಏರಿದ್ದು ಒಟ್ಟು 5 ಗ್ರಾಂ. ಇಳಿಯಲಿಲ್ಲ ಅನ್ನುವುದೇ ಸಮಾಧಾನ. ಒಂದು ದಿನ ಏರದಿದ್ದರೆ ಕಣ್ಣಿಡಿ, ಇಳಿದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಮರಿ ಸಾಯುವ ಮೊದಲು ತೋರಿಸುವ ಮೊದಲ ಸುಳಿವು ತೂಕವೇ. ಕೂಗು, ಸುಸ್ತು ಎಲ್ಲ ಆಮೇಲೆ.

ಮೂರು ವಾರ ದಾಟಿದ ಮೇಲೆ

ಕಣ್ಣು ಏಳರಿಂದ ಹದಿನಾಲ್ಕು ದಿನದಲ್ಲಿ ಬಿಡುತ್ತದೆ. ರೆಪ್ಪೆ ಅಂಟಿಕೊಂಡು ಒಳಗೆ ಕೀವು ತುಂಬಿದಂತೆ ಕಂಡರೆ ತೋರಿಸಿ. ಕೈಯಿಂದ ಬಿಡಿಸಬೇಡಿ. ಎರಡು ಮೂರು ವಾರದಿಂದ ಜಂತುಹುಳದ ಔಷಧ, ತೂಕ ನೋಡಿ ಡಾಕ್ಟರೇ ಕೊಡಲಿ. ನಾಲ್ಕನೇ ವಾರದಲ್ಲಿ ಅದೇ ಹಾಲಿಗೆ ಕಿಟನ್ ಫುಡ್ ಕಲಸಿ ಗಂಜಿಯ ಹದಕ್ಕೆ ತಂದು ಅಗಲ ತಟ್ಟೆಯಲ್ಲಿಡಿ. ಪರ್ಷಿಯನ್ ಮರಿ ಮೂಗಿನ ತನಕ ಮುಳುಗಿಸಿಕೊಳ್ಳುತ್ತದೆ, ಪ್ರತಿ ಸಲ ಮುಖ ಒರೆಸಿ. ಮರಳಿನ ತಟ್ಟೆಗೂ ಇದೇ ಸಮಯ. ಉಂಡೆ ಕಟ್ಟುವ ಲಿಟ್ಟರ್ ಬೇಡ, ತಿಂದುಬಿಡುತ್ತವೆ. ಮೊದಲ ಲಸಿಕೆ ಆರರಿಂದ ಎಂಟನೇ ವಾರದ ಹೊತ್ತಿಗೆ, ರೇಬೀಸಿನದು ಹನ್ನೆರಡನೇ ವಾರಕ್ಕೆ.

ಕೈಯಲ್ಲಿ ಬೆಳೆದ ಮರಿಗೆ ಮನುಷ್ಯರ ಕೈ ಕಚ್ಚುವುದೇ ಆಟ. ಅದನ್ನು ಬಿಡಿಸುವುದು ಅಣ್ಣತಮ್ಮಂದಿರು, ನಾವಲ್ಲ. ಹಾಲು ನೀವು ಕುಡಿಸಿದರೂ ಮಲಗುವುದು, ಆಡುವುದು ಅವರ ಜೊತೆಗೇ ಇರಲಿ. ಇದಕ್ಕೇ ಹನ್ನೆರಡು ವಾರಕ್ಕಿಂತ ಮೊದಲು ಮರಿ ಕೊಡಬೇಡಿ, ಗಿರಾಕಿ ಎಷ್ಟೇ ಅವಸರ ಮಾಡಲಿ. ಕೊಡುವಾಗ ಲಸಿಕೆ ಪುಸ್ತಕ, ತಂದೆ ತಾಯಿಯ ಪಿ.ಕೆ.ಡಿ. ರಿಪೋರ್ಟ್, ನೋಂದಣಿ ಕಾಗದ, ಒಂದು ವಾರಕ್ಕಾಗುವಷ್ಟು ಅದೇ ಊಟ ಚೀಲಕ್ಕೆ ಹಾಕಿ ಕೊಡಿ.

ಸಾಸಿವೆಯನ್ನು ನಾವು ಕೊಡಲಿಲ್ಲ. ಚಪ್ಪಟೆ ಮುಖ, ಬೆಕ್ಕಿನವರು ನೀಲಿ ಅನ್ನುವ ಬೂದು ಬಣ್ಣ, ಕಾಗದವೂ ಇದೆ, ಕೇಳಿದವರು ಬಹಳ. ಆದರೆ ಅಷ್ಟು ಬಡಕಲಾಗಿ ಹುಟ್ಟಿದ ಮರಿಯಿಂದ ಮತ್ತೆ ಮರಿ ಮಾಡಿಸುವುದು ಬೇಡ ಅಂತ ಆರನೇ ತಿಂಗಳಿಗೇ ಆಪರೇಷನ್ ಮಾಡಿಸಿದೆ. ಮಲ್ಲಿಗೂ ಸಿಸೇರಿಯನ್ ಹೊಲಿಗೆ ಮಾಗಿದ ಮೇಲೆ ಅದೇ. ಈಗ ಸಾಸಿವೆಯ ತೂಕ ಮೂರು ಕಿಲೋ. ಅಡುಗೆಮನೆಯ ತೂಕದ ಯಂತ್ರದ ಮೇಲೇ ಮಲಗುತ್ತಾಳೆ. ರವೆ ತೂಗಬೇಕಾದರೆ ಅಮ್ಮ ಅವಳನ್ನು ಎಬ್ಬಿಸಬೇಕು.